ಸೆಕ್ಯುರಿಟಿ ಲೈಬ್ರರಿಯ ಡೀಫಾಲ್ಟ್ ಬಿಗಿ ಮಾಡಬೇಕು, ಹಳೆಯ 40 ಪ್ರೋಗ್ರಾಂ ನಿಲ್ಲಬಾರದು

ಬಿಜೈ_ಬಿಲ್ಡ್

ಎಲ್ಲರಿಗೂ ನಮಸ್ಕಾರ. ಸಹಕಾರಿ ಸೊಸೈಟಿಗಳ ಸಾಫ್ಟ್‌ವೇರ್ ಬಗ್ಗೆ ಪ್ರಶ್ನೆ. ಓಪನ್‌ಎಸ್‌ಎಸ್‌ಎಲ್ (ಎನ್‌ಕ್ರಿಪ್ಷನ್ನಿನ ಓಪನ್ ಸೋರ್ಸ್ ಲೈಬ್ರರಿ) ಮೇಲೆ ಕಟ್ಟಿದ ಒಂದು ಸಿ ಲೈಬ್ರರಿ ಉಂಟು. ಟಿಎಲ್‌ಎಸ್ ಸಂಪರ್ಕ (ನೆಟ್‌ವರ್ಕಿನಲ್ಲಿ ಗುಟ್ಟಾಗಿ ಕಳಿಸುವ ರೀತಿ), ಪಾಸ್‌ವರ್ಡ್ ಹ್ಯಾಶ್ (ಪಾಸ್‌ವರ್ಡಿನ ಬದಲು ಇಡುವ, ಹಿಂದಕ್ಕೆ ತಿರುಗಿಸಲಾಗದ ಲೆಕ್ಕ), ಬ್ಯಾಕಪ್ ಫೈಲಿನ ಎನ್‌ಕ್ರಿಪ್ಷನ್ ಎಲ್ಲ ಅದರ ಮೂಲಕವೇ. ಕುಂದಾಪುರದಿಂದ ಸುಳ್ಯದವರೆಗಿನ ಬ್ರಾಂಚುಗಳಲ್ಲಿ ಒಟ್ಟು 40 ಪ್ರೋಗ್ರಾಂ ಇದನ್ನು ನಂಬಿಕೊಂಡಿವೆ. 36 ಶೇರ್ಡ್ ಲೈಬ್ರರಿಯಾಗಿ ಲೋಡ್ ಮಾಡುತ್ತವೆ, 4 ಸ್ಟ್ಯಾಟಿಕ್ ಲಿಂಕ್, ಅಂದರೆ ಲೈಬ್ರರಿಯ ಪ್ರತಿ ಅವುಗಳೊಳಗೇ ಸೇರಿದೆ. ಆ ನಾಲ್ಕರಲ್ಲಿ ಒಂದಕ್ಕೆ ಸೋರ್ಸ್ ಕೋಡೇ ಇಲ್ಲ: ಪಿಗ್ಮಿ (ದಿನನಿತ್ಯದ ಸಣ್ಣ ಠೇವಣಿ) ಮೆಷಿನಿನ ಕಲೆಕ್ಷನನ್ನು ಸಂಜೆ ಸರ್ವರಿಗೆ ಕಳಿಸುವ ಪ್ರೋಗ್ರಾಂ.

ಈಗಿನ ಡೀಫಾಲ್ಟ್‌ಗಳು: ಟಿಎಲ್‌ಎಸ್ ಕನಿಷ್ಠ ಆವೃತ್ತಿ 1.0. ಸರ್ಟಿಫಿಕೇಟ್ ಪರಿಶೀಲನೆ ಆಫ್, ಬೇಕಾದವರು ಫ್ಲ್ಯಾಗ್ ಹಾಕಿ ಆನ್ ಮಾಡಿಕೊಳ್ಳಬೇಕು. ಪಾಸ್‌ವರ್ಡಿಗೆ ಎಸ್‌ಎಚ್‌ಎ-1 ಮೇಲಿನ ಪಿಬಿಕೆಡಿಎಫ್2 ಎಂಬ ಹ್ಯಾಶ್ ವಿಧಾನ, 10,000 ಸುತ್ತು. ಹ್ಯಾಶ್ ಬರೀ ಹೆಕ್ಸ್‌ನಲ್ಲಿ, 64 ಅಕ್ಷರದ ಕಾಲಮಿನಲ್ಲಿ, ಸಾಲ್ಟ್ (ಹ್ಯಾಶ್ ಮಾಡುವಾಗ ಸೇರಿಸುವ ಯಾದೃಚ್ಛಿಕ ಬೈಟ್‌ಗಳು) ಪಕ್ಕದ ಕಾಲಮಿನಲ್ಲಿ. ಫೈಲಿಗೆ ಎಇಎಸ್-ಸಿಬಿಸಿ ಎನ್‌ಕ್ರಿಪ್ಷನ್, ಪಾಸ್‌ಫ್ರೇಸಿನಿಂದ ಕೀ ತೆಗೆಯುವುದು ಎಮ್‌ಡಿ5 ಎಂಬ ಹಳೆಯ ಡೈಜೆಸ್ಟಿನ (ಹ್ಯಾಶ್ ಲೆಕ್ಕದ) ಒಂದೇ ಸುತ್ತಿನಲ್ಲಿ, ಹಳೆಯ ಓಪನ್‌ಎಸ್‌ಎಸ್‌ಎಲ್‌ನ 'ಎನ್ಕ್' ಕಮಾಂಡಿನ ರೀತಿಯಲ್ಲೇ.

ಬೇಕಾದದ್ದು: ಟಿಎಲ್‌ಎಸ್ 1.2, ಪರಿಶೀಲನೆ ಆನ್, ಪಾಸ್‌ವರ್ಡಿಗೆ ಆರ್ಗಾನ್2ಐಡಿ, ಫೈಲಿಗೆ ಎಇಎಸ್-256-ಜಿಸಿಎಂ. ಒಂದೇ ರಿಲೀಸಿನಲ್ಲಿ ಎಲ್ಲ ಬದಲಿಸಿ, ತೊಂದರೆಯಾದವರಿಗೆ ಒಂದು ಎನ್ವಿರಾನ್ಮೆಂಟ್ ವೇರಿಯಬಲ್ ಕೊಟ್ಟು ಹಳೆಯದಕ್ಕೆ ಹೋಗಲು ಬಿಡುವ ಯೋಚನೆ ಉಂಟು. ಇದರಲ್ಲಿ ಎಲ್ಲಿ ಪೆಟ್ಟು ಬೀಳುತ್ತದೆ?

---

ಕಾಪು_ಲೈಟ್‌ಹೌಸ್

ಒಂದೇ ರಿಲೀಸಿನಲ್ಲಿ ಬೇಡ ಮಾರಾಯ್ರೆ. ನಾಲ್ಕನ್ನೂ 'ಡೀಫಾಲ್ಟ್' ಎಂದು ಕರೆದರೂ ಇವು ಒಂದೇ ಜಾತಿಯವಲ್ಲ.

ಟಿಎಲ್‌ಎಸ್‌ನಲ್ಲಿ ಎರಡೂ ಕಡೆಯವರು ಎದುರೆದುರು ಇರುತ್ತಾರೆ. ಹೊಂದದಿದ್ದರೆ ಆ ಕ್ಷಣವೇ ಎರರ್, ಹಳೆಯ ಲೈಬ್ರರಿ ವಾಪಸ್ ಹಾಕಿದರೆ ಮತ್ತೆ ಓಡುತ್ತದೆ. ಡಿಸ್ಕಿಗೆ ಬರೆದದ್ದು ಹಾಗಲ್ಲ. ಹೊಸ ಲೈಬ್ರರಿ ಒಂದು ದಿನ ಓಡಿ ಆರ್ಗಾನ್2 ಹ್ಯಾಶ್‌ಗಳನ್ನು ಬರೆದಿಟ್ಟ ಮೇಲೆ ನೀವು ಹಿಂದೆ ಹೋದರೆ, ಆ ದಿನ ಲಾಗಿನ್ ಆದವರೆಲ್ಲ ಮರುದಿನ ಬಾಗಿಲ ಹೊರಗೆ. ಹಿಂದೆ ಹೋಗುವ ದಾರಿಯೇ ಮುಚ್ಚಿರುತ್ತದೆ.

ಅದಕ್ಕೆ ಡೇಟಾ ಫಾರ್ಮ್ಯಾಟ್ ಬದಲಿಸುವಾಗ ಎರಡು ರಿಲೀಸ್ ಬೇಕೇ ಬೇಕು. ಮೊದಲನೆಯದು ಹಳೆಯದನ್ನೂ ಹೊಸದನ್ನೂ ಓದುತ್ತದೆ, ಆದರೆ ಬರೆಯುವುದು ಹಳೆಯದನ್ನೇ. ನೋಡುವವರಿಗೆ ಏನೂ ಬದಲಾಗಿರುವುದಿಲ್ಲ. ಅದು ಎಲ್ಲ ಕಡೆ ಹೋಗಿ ಕೂತಿದೆ ಎಂದು ಖಾತ್ರಿಯಾದ ಮೇಲೆ ಎರಡನೆಯದು: ಎರಡನ್ನೂ ಓದುತ್ತದೆ, ಹೊಸದನ್ನು ಬರೆಯುತ್ತದೆ. ಈಗ ಎರಡನೆಯದು ಕೈಕೊಟ್ಟರೆ ಮೊದಲನೆಯದಕ್ಕೆ ನೆಮ್ಮದಿಯಿಂದ ಇಳಿಯಬಹುದು. 'ಎಲ್ಲ ಕಡೆ' ಎಂದರೆ ಆ 4 ಸ್ಟ್ಯಾಟಿಕ್ ಪ್ರೋಗ್ರಾಂಗಳೂ ಸೇರಿ. ಅವು ಅದೇ ಪಾಸ್‌ವರ್ಡ್ ಟೇಬಲನ್ನು ಮುಟ್ಟುತ್ತವೆಯೇ, ಅದೇ ಬ್ಯಾಕಪ್ ತೆರೆಯುತ್ತವೆಯೇ ಎಂಬುದನ್ನು ಮೊದಲು ಪಟ್ಟಿ ಮಾಡಿ. ಮುಟ್ಟುವುದಾದರೆ ರೀಬಿಲ್ಡ್ ಆಗುವ ತನಕ ಎರಡನೆಯ ರಿಲೀಸಿಲ್ಲ.

ಫೈಲಿನ ಬಗ್ಗೆ ಸ್ವಲ್ಪ ವಿವರವಾಗಿ ಹೇಳುತ್ತೇನೆ, ಹೆಚ್ಚಿನವರು ಎಡವುವುದು ಅಲ್ಲೇ.

ಓಪನ್‌ಎಸ್‌ಎಸ್‌ಎಲ್‌ಗೇ ಇದು ಆಗಿದೆ. 2016ರ 1.1.0 ಆವೃತ್ತಿಯಲ್ಲಿ 'ಎನ್ಕ್' ಕಮಾಂಡಿನ ಡೀಫಾಲ್ಟ್ ಡೈಜೆಸ್ಟನ್ನು ಎಮ್‌ಡಿ5ರಿಂದ ಎಸ್‌ಎಚ್‌ಎ-256ಕ್ಕೆ ಬದಲಿಸಿದರು. ಬದಲಿಸಿದ್ದು ಸರಿಯೇ. ಆದರೆ ಆ ಫೈಲಿನ ತಲೆಯಲ್ಲಿ ಇರುವುದು 'ಸಾಲ್ಟೆಡ್' ಎಂಬ ಆರಕ್ಷರದ ಇಂಗ್ಲಿಷ್ ಪದ, ಎರಡು ಅಂಡರ್‌ಸ್ಕೋರ್, ಒಟ್ಟು 8 ಬೈಟ್, ಆಮೇಲೆ 8 ಬೈಟ್ ಸಾಲ್ಟ್. ಅಷ್ಟೇ. ಯಾವ ಡೈಜೆಸ್ಟ್ ಎಂಬುದು ಎಲ್ಲೂ ಬರೆದಿಲ್ಲ. ಹಳೆಯ ಮೆಷಿನಿನ ಬ್ಯಾಕಪ್ ಹೊಸ ಮೆಷಿನಿನಲ್ಲಿ ತೆರೆದರೆ 'ಬ್ಯಾಡ್ ಡಿಕ್ರಿಪ್ಟ್', ಪಾಸ್‌ಫ್ರೇಸ್ ಸರಿ ಇದ್ದರೂ. ಡೈಜೆಸ್ಟ್ ಎಮ್‌ಡಿ5 ಎಂದು ಕೈಯಾರೆ ಹೇಳಿದರೆ ಮಾತ್ರ ತೆರೆಯುತ್ತದೆ.

'ಮೊದಲು ಹೊಸ ರೀತಿಯಲ್ಲಿ ನೋಡೋಣ, ಆಗದಿದ್ದರೆ ಹಳೆಯದು' ಎಂಬ ಬುದ್ಧಿವಂತಿಕೆ ಇಲ್ಲಿ ಮಾಡಬೇಡಿ. ಸಿಬಿಸಿಯಲ್ಲಿ ತಪ್ಪು ಕೀ ಹಾಕಿದಾಗ ಗೊತ್ತಾಗುವುದು ಕೊನೆಯ ಬ್ಲಾಕಿನ ಪ್ಯಾಡಿಂಗ್ ಕೆಟ್ಟಿದೆ ಎಂಬುದರಿಂದ ಮಾತ್ರ. ಕಸದ ಕೊನೆಯ ಬೈಟ್ ಆಕಸ್ಮಿಕವಾಗಿ 1 ಎಂದು ಬರುವ ಸಾಧ್ಯತೆ 256ರಲ್ಲಿ ಒಂದು. ಆಗ ಪ್ಯಾಡಿಂಗ್ ಸರಿ, ಎರರ್ ಇಲ್ಲ, ಕೈಗೆ ಬರುವುದು ಕಸ. 500 ಫೈಲ್ ಹೀಗೆ ತೆರೆದರೆ ಒಂದೆರಡು ಹಾಳಾದರೂ ರಿಪೋರ್ಟಿನಲ್ಲಿ 'ಯಶಸ್ವಿ' ಎಂದೇ ಇರುತ್ತದೆ.

ಹೊಸ ಫಾರ್ಮ್ಯಾಟಿಗೆ ನಿಮ್ಮದೇ ಗುರುತು ಹಾಕಿ: 4 ಬೈಟ್ ಮ್ಯಾಜಿಕ್ (ಫಾರ್ಮ್ಯಾಟ್ ಗುರುತಿಸುವ ಬೈಟ್‌ಗಳು), 1 ಬೈಟ್ ಆವೃತ್ತಿ, ಕೀ ತೆಗೆಯುವ ವಿಧಾನದ ಸಂಖ್ಯೆ ಮತ್ತು ಅದರ ಅಳತೆಗಳು, 16 ಬೈಟ್ ಸಾಲ್ಟ್, 12 ಬೈಟ್ ನಾನ್ಸ್ (ಒಂದೇ ಸಲ ಬಳಸುವ ಸಂಖ್ಯೆ). ಈ ಹೆಡರ್ ಪೂರ್ತಿಯನ್ನು ಜಿಸಿಎಂಗೆ ಎಎಡಿಯಾಗಿ (ಎನ್‌ಕ್ರಿಪ್ಟ್ ಆಗದಿದ್ದರೂ ಪರಿಶೀಲನೆಗೆ ಸೇರುವ ಡೇಟಾ) ಕೊಡಿ. ಅದರಲ್ಲಿ ಒಂದು ಬಿಟ್ ತಿದ್ದಿದರೂ ಟ್ಯಾಗ್ (ಯಾರೂ ತಿದ್ದಿಲ್ಲ ಎಂದು ತೋರಿಸುವ ಬೈಟ್‌ಗಳು) ಹೊಂದುವುದಿಲ್ಲ. ಟ್ಯಾಗ್ ನೋಡುವ ಮೊದಲು ಬಿಚ್ಚಿದ ಡೇಟಾವನ್ನು ಕರೆದವರ ಕೈಗೆ ಕೊಡಬಾರದು. ಫೈಲ್ ದೊಡ್ಡದಾದರೆ ತುಂಡು ಮಾಡಿ, ಪ್ರತಿ ತುಂಡಿಗೆ ಬೇರೆ ನಾನ್ಸ್, ಪ್ರತಿ ತುಂಡಿಗೆ ಟ್ಯಾಗ್. ತುಂಡಿನ ಕ್ರಮಸಂಖ್ಯೆ ಮತ್ತು 'ಇದೇ ಕೊನೆಯದು' ಎಂಬ ಗುರುತೂ ಎಎಡಿಯಲ್ಲಿ ಇರಲಿ. ಇಲ್ಲದಿದ್ದರೆ ಬಾಲ ಕತ್ತರಿಸಿದ ಫೈಲ್ ಸರಿಯಾದ ಫೈಲಿನಂತೆಯೇ ತೆರೆಯುತ್ತದೆ.

ಇನ್ನೊಂದು. ಹಳೆಯ ಫಾರ್ಮ್ಯಾಟ್ ಓದುವ ಕೋಡ್ ಇರುವಷ್ಟು ದಿನ ಯಾರಾದರೂ ಹಳೆಯ ನಮೂನೆಯ ಫೈಲನ್ನೇ ತಂದಿಟ್ಟು ಓದಿಸಬಹುದು. ಆದ್ದರಿಂದ ಹಳೆಯದನ್ನು ಓದುವುದು ರಿಸ್ಟೋರ್ ಮಾಡುವ ಟೂಲಿಗೆ ಮಾತ್ರ ಸಿಗಲಿ, ದಿನನಿತ್ಯ ಓಡುವ ಪ್ರೋಗ್ರಾಂಗಳಿಗೆ ಬೇಡ.

---

ಉಡುಪಿ_ಉಪ್ಪು

ಮೇಲಿನವರು ಹೇಳಿದ ಎರಡು ಹಂತಕ್ಕೆ ನನ್ನದೂ ಒಪ್ಪಿಗೆ. ಪಾಸ್‌ವರ್ಡಿನ ಕಡೆಯ ಸಂಗತಿಗಳು:

ಎಲ್ಲಕ್ಕಿಂತ ಮೊದಲು ಆ 64 ಅಕ್ಷರದ ಕಾಲಮ್ ನೋಡಿ. ಆರ್ಗಾನ್2ಐಡಿಯ ಸ್ಟ್ರಿಂಗಿನಲ್ಲಿ ಹೆಸರು, ಆವೃತ್ತಿ, ಅಳತೆ, ಸಾಲ್ಟ್, ಹ್ಯಾಶ್ ಎಲ್ಲ ಒಟ್ಟಿಗೆ ಇರುತ್ತದೆ; 16 ಬೈಟ್ ಸಾಲ್ಟ್, 32 ಬೈಟ್ ಹ್ಯಾಶ್ ಇಟ್ಟರೆ 97 ಅಕ್ಷರ. ಕೆಲವು ಡೇಟಾಬೇಸ್ ಸೆಟ್ಟಿಂಗಿನಲ್ಲಿ 64ಕ್ಕಿಂತ ಹೆಚ್ಚಾದದ್ದನ್ನು ಸದ್ದಿಲ್ಲದೆ ಕತ್ತರಿಸುತ್ತದೆ. ಬರೆಯುವಾಗ ಎರರ್ ಬರುವುದಿಲ್ಲ; ಮರುದಿನ ಆ ಸಿಬ್ಬಂದಿಗೆ ಲಾಗಿನ್ ಆಗುವುದಿಲ್ಲ, ಯಾವತ್ತೂ ಆಗುವುದಿಲ್ಲ, ಯಾಕೆಂದರೆ ಹ್ಯಾಶಿನ ಹೆಚ್ಚಿನ ಭಾಗ ಹೋಗಿಯಾಗಿದೆ. ಕಾಲಮ್ 255 ಮಾಡಿ. ಇದು ಲೈಬ್ರರಿ ರಿಲೀಸಿಗಿಂತ ಮೊದಲು ಆಗಬೇಕಾದ ಕೆಲಸ.

ಹಳೆಯದು ಹೊಸದು ಬೇರ್ಪಡಿಸುವುದು ನಿಮಗೆ ಸುಲಭ. ಹೊಸದು ಡಾಲರ್ ಚಿಹ್ನೆಯಿಂದ ಶುರು, ಹೆಕ್ಸ್‌ನಲ್ಲಿ ಡಾಲರ್ ಬರುವ ಹಾಗೇ ಇಲ್ಲ.

ಲಾಗಿನ್ ಸರಿಯಾದ ಕ್ಷಣದಲ್ಲಿ ಮಾತ್ರ ನಿಮ್ಮ ಕೈಯಲ್ಲಿ ನಿಜವಾದ ಪಾಸ್‌ವರ್ಡ್ ಇರುತ್ತದೆ, ಆಗ ಹೊಸ ಹ್ಯಾಶ್ ಮಾಡಿ ಬರೆಯಿರಿ. ಪಿಎಚ್‌ಪಿಯ 'ಪಾಸ್‌ವರ್ಡ್ ನೀಡ್ಸ್ ರೀಹ್ಯಾಶ್', ಲಿಬ್‌ಸೋಡಿಯಂನಲ್ಲಿ ಅದೇ ತರಹದ ಫಂಕ್ಷನ್ ಇರುವುದು ಇದಕ್ಕೇ. ಅಪ್‌ಡೇಟ್ ಮಾಡುವಾಗ 'ಯೂಸರ್ ಐಡಿ ಇಷ್ಟು' ಎಂಬ ಷರತ್ತು ಸಾಲದು, 'ಹ್ಯಾಶ್ ಇನ್ನೂ ನಾನು ಓದಿದ್ದೇ ಆಗಿದ್ದರೆ' ಎಂಬುದೂ ಸೇರಲಿ. ಅದೇ ಹೊತ್ತಿಗೆ ಇನ್ನೊಂದು ಕಿಟಕಿಯಲ್ಲಿ ಪಾಸ್‌ವರ್ಡ್ ಬದಲಿಸಿದ್ದರೆ ನೀವು ಹಳೆಯ ಪಾಸ್‌ವರ್ಡನ್ನೇ ಮತ್ತೆ ಕೂರಿಸಿಬಿಡುತ್ತೀರಿ.

ಲಾಗಿನ್ನೇ ಆಗದ ಖಾತೆಗಳಿಗೆ ಹಳೆಯ ಹ್ಯಾಶಿನ ಮೇಲೆಯೇ ಆರ್ಗಾನ್2 ಸುತ್ತಿ. ಅಂದರೆ ಪಿಬಿಕೆಡಿಎಫ್2 ಉತ್ತರವೇ ಆರ್ಗಾನ್2ಗೆ ಪಾಸ್‌ವರ್ಡ್. ರಾತ್ರಿ ಒಂದು ಸ್ಕ್ರಿಪ್ಟಿನಲ್ಲಿ ಇಡೀ ಟೇಬಲ್ ಮಾಡಬಹುದು. ಇವಕ್ಕೆ ಬೇರೆ ಪ್ರಿಫಿಕ್ಸ್ ಬೇಕು, ಹಳೆಯ ಸಾಲ್ಟ್ ಕಾಲಮ್ ಅಳಿಸಬಾರದು. ಒಳಗೆ ಕೊಡುವುದು 20 ಬೈಟಿನ ಬೈನರಿಯೋ, 40 ಅಕ್ಷರದ ಹೆಕ್ಸೋ, ಹೆಕ್ಸ್ ಆದರೆ ಸಣ್ಣ ಅಕ್ಷರವೋ ದೊಡ್ಡ ಅಕ್ಷರವೋ ಎಂದು ಮೊದಲೇ ನಿಶ್ಚಯಿಸಿ. ಸ್ಕ್ರಿಪ್ಟ್ ದೊಡ್ಡ ಅಕ್ಷರದಲ್ಲಿ ಸುತ್ತಿ, ಲಾಗಿನ್ ಕೋಡ್ ಸಣ್ಣ ಅಕ್ಷರದಲ್ಲಿ ನೋಡಿದರೆ ಒಬ್ಬರಿಗೂ ಬಾಗಿಲು ತೆರೆಯದು. ಸುತ್ತುವ ಮೊದಲು ಟೇಬಲಿನ ಪ್ರತಿ ಬೇರೆ ಕಡೆ ಇಟ್ಟುಕೊಳ್ಳಿ, ಎರಡು ವಾರ ಕಳೆದ ಮೇಲೆ ಮರೆಯದೆ ಅಳಿಸಿ.

ಅಳತೆ ಎಷ್ಟು? ಆರ್ಗಾನ್2ರ ದಾಖಲೆಯಾದ ಆರ್‌ಎಫ್‌ಸಿ 9106ರ ಎರಡನೆಯ ಶಿಫಾರಸು 64 ಎಮ್‌ಐಬಿ ಮೆಮೊರಿ, 3 ಸುತ್ತು, 4 ಲೇನ್ (ಒಟ್ಟಿಗೆ ಓಡುವ ಸಾಲು). ವೆಬ್ ಸುರಕ್ಷತೆಯ ಸಂಸ್ಥೆ ಒವಾಸ್ಪ್ ಹೇಳುವ ಕನಿಷ್ಠ 19 ಎಮ್‌ಐಬಿ, 2 ಸುತ್ತು, 1 ಲೇನ್. ನಿಮ್ಮ ಕಡೆ ಬೆಳಿಗ್ಗೆ ಕೌಂಟರ್ ತೆರೆಯುವ ಹೊತ್ತಿಗೆ ಎಲ್ಲ ಬ್ರಾಂಚಿನವರು ಒಟ್ಟಿಗೆ ಲಾಗಿನ್ ಆಗುತ್ತಾರಲ್ಲ, ಆ ಲೆಕ್ಕ ಹಾಕಿ. ಒಂದೇ ಹೊತ್ತಿಗೆ 30 ಲಾಗಿನ್ ಬಂದರೆ 64ರ ಲೆಕ್ಕದಲ್ಲಿ 1,920 ಎಮ್‌ಐಬಿ, 19ರ ಲೆಕ್ಕದಲ್ಲಿ 570. 2 ಜಿಬಿ ಸರ್ವರಿನಲ್ಲಿ ಮೊದಲನೆಯದು ಇಟ್ಟರೆ ಕರ್ನಲ್ ಯಾವುದಾದರೂ ಪ್ರೋಸೆಸನ್ನು ಕೊಲ್ಲುತ್ತದೆ, ಹೆಚ್ಚಾಗಿ ಡೇಟಾಬೇಸನ್ನೇ. ಒಟ್ಟಿಗೆ 8 ಹ್ಯಾಶಿಗಿಂತ ಹೆಚ್ಚು ಓಡದ ಹಾಗೆ ಲೈಬ್ರರಿಯೊಳಗೆ ಒಂದು ಸೆಮಾಫೋರ್ ಇಡಿ. ಉಳಿದವರು ಅರ್ಧ ಸೆಕೆಂಡ್ ಕಾದರೆ ಏನೂ ಆಗುವುದಿಲ್ಲ.

---

ಪಣಂಬೂರು_ಪ್ಯಾಕೆಟ್

ಟಿಎಲ್‌ಎಸ್ ಭಾಗ.

ಬದಲಿಸುವ ಮೊದಲು ಎಣಿಸಿ. ಈಗಿನ ಲೈಬ್ರರಿಯಲ್ಲೇ ಹ್ಯಾಂಡ್‌ಶೇಕ್ (ಟಿಎಲ್‌ಎಸ್ ಸಂಪರ್ಕದ ಆರಂಭದ ಮಾತುಕತೆ) ಮುಗಿದ ಕೂಡಲೇ ಒಂದು ಸಾಲು ಲಾಗ್ ಬರೆಯುವ ರಿಲೀಸ್ ಮೊದಲು ಬಿಡಿ: ಯಾವ ಪ್ರೋಗ್ರಾಂ, ಎದುರಿನ ವಿಳಾಸ, ಟಿಎಲ್‌ಎಸ್ ಆವೃತ್ತಿ, ಸೈಫರ್, ಎದುರಿನವರ ಕೀ ಎಷ್ಟು ಬಿಟ್, ಸರ್ಟಿಫಿಕೇಟಿನ ಸಹಿ ಯಾವ ಡೈಜೆಸ್ಟ್. ಒಂದು ವಾರ ಸಾಲದು. ತಿಂಗಳ ಕೊನೆ, ತ್ರೈಮಾಸಿಕ ಬಡ್ಡಿ ಎಲ್ಲ ಒಮ್ಮೆ ಬಂದು ಹೋಗಬೇಕು. ಮಾರ್ಚ್ 31ಕ್ಕೆ ಮಾತ್ರ ಏಳುವ ಕೆಲಸಗಳು ಲಾಗಿನಲ್ಲಿ ಸಿಗುವುದೇ ಇಲ್ಲ, ಅವನ್ನು ಕ್ರಾನ್‌ಟ್ಯಾಬಿನಲ್ಲಿ (ನಿಗದಿತ ಹೊತ್ತಿಗೆ ಓಡುವ ಕೆಲಸಗಳ ಪಟ್ಟಿ) ಹುಡುಕಿ ಕೈಯಾರೆ ಓಡಿಸಿ ನೋಡಬೇಕು.

ಎರಡನೆಯದು, 'ಕನಿಷ್ಠ ಆವೃತ್ತಿ' ಒಂದನ್ನೇ ನೋಡಿದರೆ ಸಾಲದು. ಓಪನ್‌ಎಸ್‌ಎಸ್‌ಎಲ್‌ನಲ್ಲಿ ಸೆಕ್ಯುರಿಟಿ ಲೆವೆಲ್ ಎಂಬ ಇನ್ನೊಂದು ತಿರುಗಣೆ ಉಂಟು, 0ರಿಂದ 5. ಲೆವೆಲ್ 1ರಲ್ಲಿ 1024 ಬಿಟ್‌ಗಿಂತ ಸಣ್ಣ ಆರ್‌ಎಸ್‌ಎ ಕೀ ಆಗುವುದಿಲ್ಲ, 2ರಲ್ಲಿ 2048ಕ್ಕಿಂತ ಸಣ್ಣದು ಆಗುವುದಿಲ್ಲ, 3ರಲ್ಲಿ 3072. ಓಪನ್‌ಎಸ್‌ಎಸ್‌ಎಲ್ 3.1ರವರೆಗೆ ಮೂಲ ಡೀಫಾಲ್ಟ್ 1 ಇತ್ತು, 3.2ರಲ್ಲಿ 2 ಆಯಿತು. ಆದರೆ ಉಬುಂಟುವಿನವರು 20.04ರಲ್ಲೇ 2 ಮಾಡಿ ಬಿಟ್ಟಿದ್ದರು. ಹಾಗಾಗಿ ನಿಮ್ಮ ಅದೇ ಕೋಡ್ ಒಂದು ಬ್ರಾಂಚಿನಲ್ಲಿ ಓಡಿ ಇನ್ನೊಂದರಲ್ಲಿ ಬಿದ್ದರೆ ಆಶ್ಚರ್ಯ ಬೇಡ. ಮತ್ತೆ, 3.0ರಿಂದ ಟಿಎಲ್‌ಎಸ್ 1.0 ಮತ್ತು 1.1 ಲೆವೆಲ್ 0ರಲ್ಲಿ ಮಾತ್ರ ನಡೆಯುತ್ತವೆ, ಅವು ಸಹಿಗೆ ಎಸ್‌ಎಚ್‌ಎ-1 ಬಳಸುವುದರಿಂದ. ಕಾನ್ಫಿಗ್‌ನಲ್ಲಿ ಕನಿಷ್ಠ ಆವೃತ್ತಿ 1.0 ಎಂದು ಬರೆದು 'ಆದರೂ ಆಗ್ತಿಲ್ಲ' ಎಂದು ತಲೆ ಕೆರೆದುಕೊಳ್ಳುವವರಿಗೆಲ್ಲ ಉತ್ತರ ಇದೇ.

ಎರರ್‌ನಲ್ಲೇ ಕಾರಣ ಇರುತ್ತದೆ, ಅದನ್ನು ನುಂಗಿ 'ಕನೆಕ್ಷನ್ ಫೇಲ್ಡ್' ಎಂದಷ್ಟೇ ತೋರಿಸಬೇಡಿ. 'ಅನ್‌ಸಪೋರ್ಟೆಡ್ ಪ್ರೋಟೊಕಾಲ್' ಬಂದರೆ ಆವೃತ್ತಿಯ ಜಗಳ. 'ಇಇ ಕೀ ಟೂ ಸ್ಮಾಲ್' ಎಂದರೆ ಸರ್ಟಿಫಿಕೇಟಿನ ಕೀ ಸಣ್ಣದು, ಸರ್ಟಿಫಿಕೇಟ್ ಬದಲಿಸಿದರೆ ಮುಗಿಯಿತು. 'ಡಿಎಚ್ ಕೀ ಟೂ ಸ್ಮಾಲ್' ಬಂದರೆ ಸರ್ಟಿಫಿಕೇಟ್ ಬದಲಿಸಿ ಪ್ರಯೋಜನ ಇಲ್ಲ, ಸರ್ವರಿನ ಡಿಫಿ-ಹೆಲ್ಮನ್ ಅಳತೆ 1024ರಲ್ಲಿ ಕೂತಿದೆ. 'ಅನ್‌ಸೇಫ್ ಲೆಗಸಿ ರೀನೆಗೋಶಿಯೇಷನ್ ಡಿಸೇಬಲ್ಡ್' ಎಂಬುದು 3.0 ಬಂದ ಮೇಲೆ ಕಾಣುವುದು, ಎದುರಿನ ಸರ್ವರ್ ಅಥವಾ ನಡುವಿನ ಫೈರ್‌ವಾಲ್ ತುಂಬ ಹಳೆಯದು.

ಲೈಬ್ರರಿಯಲ್ಲಿ 1.2 ಎಂದು ಗಟ್ಟಿಯಾಗಿ ಬರೆದಿಡಬೇಡಿ. ಯಾರೋ ಒಂದು ಕಾಲದಲ್ಲಿ 1.0 ಎಂದು ಗಟ್ಟಿಯಾಗಿ ಬರೆದದ್ದಕ್ಕೇ ಅಲ್ವಾ ಈ ಪ್ರಶ್ನೆ ಬಂದದ್ದು? ಸಿಸ್ಟಮಿನ ಕಾನ್ಫಿಗ್ ಏನು ಕೊಟ್ಟಿದೆ ಎಂದು ಮೊದಲು ಓದಿ, ಅದು 1.2ಕ್ಕಿಂತ ಕೆಳಗಿದ್ದರೆ ಮಾತ್ರ ಮೇಲೆತ್ತಿ. ಮೇಲಿದ್ದರೆ ಮುಟ್ಟಬೇಡಿ. ಓದಿದಾಗ 0 ಬಂದರೆ 'ಮಿತಿ ಇಲ್ಲ' ಎಂದರ್ಥ, ಅದನ್ನು ಕೆಳಗಿದೆ ಎಂದೇ ಎಣಿಸಿ.

ಎನ್ವಿರಾನ್ಮೆಂಟ್ ವೇರಿಯಬಲ್ ವಿಚಾರಕ್ಕೆ ನನ್ನ ವಿರೋಧ ಉಂಟು. ಯಾರಾದರೂ ಒಬ್ಬರು ಅದನ್ನು ಇಡೀ ಮೆಷಿನಿನ ಫೈಲಿನಲ್ಲಿ ಹಾಕುತ್ತಾರೆ, ಆಮೇಲೆ ಅದು ಅಲ್ಲೇ ಬೇರು ಬಿಡುತ್ತದೆ. ಓಪನ್‌ಎಸ್‌ಎಸ್‌ಎಚ್ (ದೂರದ ಮೆಷಿನಿಗೆ ಲಾಗಿನ್ ಆಗುವ ಟೂಲ್) ಮಾಡಿದ್ದು ನೋಡಿ. ಎಸ್‌ಎಚ್‌ಎ-1 ಸಹಿಯ ಆರ್‌ಎಸ್‌ಎಯನ್ನು ಡೀಫಾಲ್ಟ್ ಪಟ್ಟಿಯಿಂದ ತೆಗೆಯುತ್ತೇವೆ ಎಂದು 2020ರ ಫೆಬ್ರವರಿಯ 8.2ರ ಟಿಪ್ಪಣಿಯಲ್ಲಿ ಹೇಳಿದರು, ತೆಗೆದದ್ದು 2021ರ ಸೆಪ್ಟೆಂಬರ್‌ನ 8.8ರಲ್ಲಿ. ಹಳೆಯ ಸ್ವಿಚ್ ಒಂದಕ್ಕೆ ಬೇಕಾದರೆ ಆ ಒಂದು ಹೋಸ್ಟಿನ ಕೆಳಗೆ ಪ್ಲಸ್ ಚಿಹ್ನೆ ಹಾಕಿ ಆ ಆಲ್ಗರಿದಮ್ ಸೇರಿಸಬಹುದು, ಉಳಿದ ಪಟ್ಟಿ ಹಾಗೆಯೇ ಇರುತ್ತದೆ. ನೀವೂ ವಿನಾಯಿತಿ ಫೈಲ್ ಇಡಿ. ಪ್ರತಿ ಸಾಲಿನಲ್ಲಿ ಎದುರಿನ ವಿಳಾಸ, ಯಾವುದನ್ನು ಸಡಿಲಿಸಿದ್ದು, ಯಾವ ತಾರೀಕಿನವರೆಗೆ. ತಾರೀಕು ಇಲ್ಲದ ಸಾಲನ್ನು ಲೈಬ್ರರಿ ಒಪ್ಪಬಾರದು. ತಾರೀಕಿಗೆ 30 ದಿನ ಇರುವಾಗಿನಿಂದ ಪ್ರತಿ ಸಂಪರ್ಕಕ್ಕೂ ಎಚ್ಚರಿಕೆ ಬರೆಯಲಿ.

ರಿಲೀಸಿನ ದಿನದ ಬಗ್ಗೆ: ಆಟಿಯಲ್ಲಿ (ತುಳುನಾಡಿನ ಜುಲೈ-ಆಗಸ್ಟ್‌ನ ಮಳೆ ತಿಂಗಳು) ಇಡಬೇಡಿ. ಶುಭಕಾರ್ಯಕ್ಕೆ ಆಗದು ಎಂದಲ್ಲ, ಆ ಮಳೆಯಲ್ಲಿ ನೆಟ್ ಹೋಗಿ ಬರುವುದೇ ಜಾಸ್ತಿ. ಟೈಮ್‌ಔಟ್‌ಗಳ ನಡುವೆ ನಿಜವಾದ ಹ್ಯಾಂಡ್‌ಶೇಕ್ ಎರರ್ ಹುಡುಕುತ್ತಾ ಕೂರಬೇಕಾಗುತ್ತದೆ. ಮಾರ್ಚ್ ಅಂತೂ ಕೇಳಲೇಬೇಡಿ. ನವೆಂಬರ್ ಒಳ್ಳೆಯದು.

---

ಬಿಜೈ_ಬಿಲ್ಡ್

ತುಂಬಾ ಉಪಕಾರ. ಪಾಸ್‌ವರ್ಡ್ ಟೇಬಲನ್ನು ಮುಟ್ಟುವ ಸ್ಟ್ಯಾಟಿಕ್ ಪ್ರೋಗ್ರಾಂ ಎರಡು, ಎರಡಕ್ಕೂ ಸೋರ್ಸ್ ಉಂಟು. ಪಿಗ್ಮಿಯದ್ದು ಟಿಎಲ್‌ಎಸ್ ಮಾತ್ರ.

ಇನ್ನೆರಡು ಸಂಶಯ. ಪರಿಶೀಲನೆ ಫ್ಲ್ಯಾಗ್ ಒಂದು ಸ್ಟ್ರಕ್ಟಿನೊಳಗಿನ ಇಂಟ್, 0 ಎಂದರೆ ಆಫ್, 1 ಎಂದರೆ ಆನ್. ಹೆಚ್ಚಿನವರು ಸ್ಟ್ರಕ್ಟನ್ನು ಮೆಮ್‌ಸೆಟ್ ಮಾಡಿ (ಪೂರ್ತಿ ಸೊನ್ನೆ ಮಾಡಿ) ಬೇಕಾದ್ದು ತುಂಬುತ್ತಾರೆ. ಇದನ್ನು ತಿರುಗಿಸುವುದು ಹೇಗೆ? ಹ್ಯಾಶ್ ಆಲ್ಗರಿದಮಿನ ಡೀಫಾಲ್ಟ್ ಹೆಡರ್ ಫೈಲಿನಲ್ಲಿ ಮ್ಯಾಕ್ರೋ ಆಗಿ ಉಂಟು, ಅದನ್ನು ಬದಲಿಸಿದರೆ ಸಾಕಲ್ಲ?

---

ಸೊನ್ನೆ_ಪಾಯಿಂಟರ್

ಮ್ಯಾಕ್ರೋ ಬದಲಿಸಿದರೆ ಸಾಲದು. ಆ ಸಂಖ್ಯೆ ಕಂಪೈಲ್ ಆಗುವಾಗಲೇ ಪ್ರತಿ ಪ್ರೋಗ್ರಾಮಿನ ಬೈನರಿಯೊಳಗೆ ಹೋಗಿ ಕೂತಿದೆ. ಹೊಸ ಶೇರ್ಡ್ ಲೈಬ್ರರಿ ಹಾಕಿದರೂ ರೀಬಿಲ್ಡ್ ಆಗದ ಪ್ರೋಗ್ರಾಂ ಹಳೆಯ ಸಂಖ್ಯೆಯನ್ನೇ ಕಳಿಸುತ್ತದೆ. ಒಂದೇ ಟೇಬಲಿಗೆ ಅರ್ಧ ಪ್ರೋಗ್ರಾಂ ಹೊಸ ಹ್ಯಾಶ್, ಅರ್ಧ ಹಳೆಯ ಹ್ಯಾಶ್ ಬರೆಯುತ್ತವೆ. ಇವತ್ತು ಆರ್ಗಾನ್2 ಆದ ಖಾತೆ ನಾಳೆ ಇನ್ನೊಂದು ಪ್ರೋಗ್ರಾಮಿನಲ್ಲಿ ಪಾಸ್‌ವರ್ಡ್ ಬದಲಿಸಿದಾಗ ಮತ್ತೆ ಪಿಬಿಕೆಡಿಎಫ್2. ಡೀಫಾಲ್ಟ್ ಎಂಬುದಕ್ಕೆ ಬಳಕೆಯಲ್ಲಿ ಇಲ್ಲದ ಒಂದು ಸಂಖ್ಯೆ ಮೀಸಲಿಡಿ, ಅರ್ಥ 'ಲೈಬ್ರರಿಯೇ ನಿರ್ಧರಿಸಲಿ', ನಿರ್ಧಾರ ಓಡುವಾಗ ಆಗಲಿ. ಹಳೆಯ ಬೈನರಿಗಳು ಕಳಿಸುವ ಹಳೆಯ ಸಂಖ್ಯೆಯನ್ನೂ ಬರೆಯುವ ಫಂಕ್ಷನ್ ಹಾಗೆಯೇ ಎಣಿಸಲಿ. ಬೇಕಂತಲೇ ಹಳೆಯ ಆಲ್ಗರಿದಮ್ ಕೇಳುವವರು ಯಾರೂ ಇಲ್ಲ ಎಂದು ಸೋರ್ಸ್ ಇರುವ 39 ಪ್ರೋಗ್ರಾಂಗಳನ್ನು ಗ್ರೆಪ್ ಮಾಡಿ (ಕೋಡಿನಲ್ಲಿ ಹುಡುಕಿ) ನೋಡಿದ ಮೇಲೆ ಮಾತ್ರ.

ಫ್ಲ್ಯಾಗಿನ ತೊಂದರೆ ಇದಕ್ಕಿಂತ ಗಟ್ಟಿ. ಮೆಮ್‌ಸೆಟ್ ಮಾಡಿ ಬಂದ 0 ಎಂದರೆ 'ಬೇಡ' ಎಂದು ಹೇಳಿದ್ದಾ, ಏನೂ ಹೇಳದೇ ಬಿಟ್ಟದ್ದಾ? ಲೈಬ್ರರಿಯ ಒಳಗಿಂದ ನೋಡಿದರೆ ಎರಡೂ ಒಂದೇ. ಹಳೆಯ ಸ್ಟ್ರಕ್ಟಿನಲ್ಲಿ ಇದಕ್ಕೆ ಔಷಧ ಇಲ್ಲ. ಹೊಸ ಹೆಡರಿನಲ್ಲಿ ಮೂರು ಬೆಲೆ ಕೊಡಿ: 0 ಹೇಳಿಲ್ಲ, 1 ಆನ್, 2 ಬೇಕಂತಲೇ ಆಫ್. 2ರ ಹೆಸರು ಬರೆಯಲು ನಾಚಿಕೆಯಾಗುವ ಹಾಗಿರಲಿ, ರಿವ್ಯೂ ಮಾಡುವವರ ಕಣ್ಣಿಗೆ ಬೀಳುತ್ತದೆ.

ಹಳೆಯ ಬೈನರಿಗಳಿಗೆ 0 ಆಫ್ ಆಗಿಯೇ ಇದ್ದು, ರೀಬಿಲ್ಡ್ ಆದವುಗಳಿಗೆ 0 ಆನ್ ಆಗಬೇಕಾದರೆ ಸಿಂಬಲ್ ವರ್ಷನಿಂಗ್ ಬಳಸಿ. ಸಂಪರ್ಕ ತೆರೆಯುವ ಫಂಕ್ಷನಿನ ಎರಡು ಪ್ರತಿ, ಒಂದೇ ಹೆಸರು, ಬೇರೆ ಆವೃತ್ತಿಯ ಗುರುತು. ಹಳೆಯ ಬೈನರಿ ಹಳೆಯದಕ್ಕೆ ಅಂಟಿಕೊಳ್ಳುತ್ತದೆ, ಹೊಸದಾಗಿ ಲಿಂಕ್ ಆದದ್ದು ಹೊಸದಕ್ಕೆ. ಲಿನಕ್ಸಿನ ಸಿ ಲೈಬ್ರರಿ ಜಿಲಿಬ್‌ಸಿ 2.14ರಲ್ಲಿ ಮೆಮ್‌ಕಾಪಿಗೆ ಮಾಡಿದ್ದು ಇದನ್ನೇ: ಒಂದರ ಮೇಲೊಂದು ಬೀಳುವ ಬಫರ್ ಕೊಟ್ಟು ತಪ್ಪಾಗಿ ಬಳಸಿದ್ದ ಹಳೆಯ ಪ್ರೋಗ್ರಾಂಗಳು ಮುರಿಯದ ಹಾಗೆ ಅವಕ್ಕೆ ಹಳೆಯ ನಡವಳಿಕೆಯನ್ನೇ ಉಳಿಸಿದರು. ಪೈಥಾನ್ ಬೈಂಡಿಂಗ್ ಇದ್ದರೆ ಒಂದು ಎಚ್ಚರಿಕೆ: ಸಿ-ಟೈಪ್ಸ್ ಮೂಲಕ ಹೆಸರಿನಿಂದ ಹುಡುಕಿದರೆ ಸಿಗುವುದು ಡೀಫಾಲ್ಟ್ ಗುರುತಿನದ್ದು, ಅಂದರೆ ಹೊಸದು.

ಪರಿಶೀಲನೆ ಆನ್ ಮಾಡುವ ಮೊದಲು ಯಾರು ಬೀಳುತ್ತಾರೆ ಎಂದು ತಿಳಿಯಲಿಕ್ಕೆ ಸುಲಭದ ದಾರಿ ಉಂಟು. ಕ್ಲೈಂಟ್ ಕಡೆಯಲ್ಲಿ ಪರಿಶೀಲನೆ ಆಫ್ ಇದ್ದರೂ ಓಪನ್‌ಎಸ್‌ಎಸ್‌ಎಲ್ ಒಳಗೆ ಲೆಕ್ಕ ಹಾಕಿಯೇ ಹಾಕುತ್ತದೆ, ಸಂಪರ್ಕ ಕಡಿಯುವುದಿಲ್ಲ ಅಷ್ಟೇ. ಸಿಎ ಸ್ಟೋರ್ (ನಂಬುವ ಸರ್ಟಿಫಿಕೇಟುಗಳ ಪಟ್ಟಿ) ಲೋಡ್ ಮಾಡಿ, ಹೋಸ್ಟ್ ಹೆಸರು ಕೊಟ್ಟು, ಹ್ಯಾಂಡ್‌ಶೇಕ್ ಆದ ಮೇಲೆ ಪರಿಶೀಲನೆಯ ಫಲಿತಾಂಶ ಕೇಳಿ ಲಾಗ್ ಮಾಡಿ. 0 ಬಂದರೆ ಸರಿ. 18 ತಾನೇ ಸಹಿ ಮಾಡಿಕೊಂಡ ಸರ್ಟಿಫಿಕೇಟ್. 20 ಬಂದರೆ ಕೊಟ್ಟವರ ಸರ್ಟಿಫಿಕೇಟ್ ಸಿಗಲಿಲ್ಲ, ಹೆಚ್ಚಾಗಿ ಸರ್ವರ್ ನಡುವಿನ ಸರ್ಟಿಫಿಕೇಟ್ ಕಳಿಸುತ್ತಿಲ್ಲ. 10 ಅವಧಿ ಮುಗಿದದ್ದು, 62 ಹೆಸರು ಹೊಂದದ್ದು, 64 ಐಪಿ ಹೊಂದದ್ದು. ಬ್ರಾಂಚಿನಲ್ಲಿ ಸರ್ವರಿಗೆ ಐಪಿಯಿಂದಲೇ ಸಂಪರ್ಕ ಮಾಡುವುದಾದರೆ ಸರ್ಟಿಫಿಕೇಟಿನ ಸ್ಯಾನ್ (ಹೆಸರು, ವಿಳಾಸಗಳ ಪಟ್ಟಿ) ಭಾಗದಲ್ಲಿ ಆ ಐಪಿಯನ್ನು ಐಪಿ ಎಂದೇ ಬರೆದಿರಬೇಕು, ಡಿಎನ್‌ಎಸ್ ಹೆಸರಿನ ಜಾಗದಲ್ಲಿ ಬರೆದರೆ ಆಗುವುದಿಲ್ಲ. ಕೋಡಿನಲ್ಲೂ ಐಪಿ ಕೊಡುವ ಫಂಕ್ಷನ್ ಬೇರೆ.

9 ಬಂದರೆ 'ಇನ್ನೂ ಶುರುವಾಗಿಲ್ಲ'. ಇದು ಹೆಚ್ಚಾಗಿ ಸರ್ಟಿಫಿಕೇಟಿನ ತಪ್ಪಲ್ಲ, ಗಡಿಯಾರದ್ದು. ಮದರ್‌ಬೋರ್ಡಿನ ಸಿಆರ್2032 ಸೆಲ್ ಸತ್ತ ಪಿಸಿ ಕರೆಂಟ್ ಹೋಗಿ ಬಂದಾಗ ಹಳೆಯ ತಾರೀಕಿಗೆ ಹೋಗುತ್ತದೆ. ಪರಿಶೀಲನೆ ಆಫ್ ಇದ್ದಷ್ಟು ದಿನ ಯಾರಿಗೂ ಗೊತ್ತೇ ಆಗಿರುವುದಿಲ್ಲ. ಸೆಲ್ ಬದಲಿಸಿ, ಕ್ರೋನಿ (ನೆಟ್‌ನಿಂದ ಗಡಿಯಾರ ಹೊಂದಿಸುವ ಪ್ರೋಗ್ರಾಂ) ಹಾಕಿ, ಗಡಿಯಾರ ಸರಿಯಾದ ಮೇಲೆಯೇ ನಿಮ್ಮ ಸರ್ವಿಸ್ ಏಳುವ ಹಾಗೆ ಸಿಸ್ಟಮ್‌ಡಿಯಲ್ಲಿ ಕ್ರಮ ಕೊಡಿ.

---

ಮಲ್ಪೆ_ಮೇಕ್‌ಫೈಲ್

ಇಷ್ಟೆಲ್ಲ ಎಂತಕ್ಕೆ? ಮೇಜರ್ ಆವೃತ್ತಿ 2 ಮಾಡಿ, ಎಸ್‌ಒ-ನೇಮ್ (ಪ್ರೋಗ್ರಾಂಗಳು ಹುಡುಕುವ ಶೇರ್ಡ್ ಲೈಬ್ರರಿಯ ಹೆಸರು) ಬದಲಿಸಿ. ಹಳೆಯವು 1ರಲ್ಲಿ ಇರಲಿ, ಬೇಕಾದವರು 2ಕ್ಕೆ ಬರಲಿ.

---

ಕಾಪು_ಲೈಟ್‌ಹೌಸ್

ಬೇಕಾದವರು ಬರಲಿ ಎಂದರೆ ಯಾರೂ ಬರುವುದಿಲ್ಲ, ಅದು ಒಂದು. ಎರಡನೆಯದು, ಎಸ್‌ಒ-ನೇಮ್ ಬದಲಾದರೂ ಟೇಬಲ್ ಒಂದೇ, ಬ್ಯಾಕಪ್ ಡಿಸ್ಕ್ ಒಂದೇ. 2 ಬರೆದದ್ದನ್ನು 1 ಓದಲಾರದು ಎಂಬ ತೊಂದರೆ ಇದ್ದಲ್ಲೇ ಇರುತ್ತದೆ. ಮೂರನೆಯದು, ಒಂದು ಪ್ರೋಗ್ರಾಂ ನೇರವಾಗಿ 2ನ್ನು, ಅದರ ಪ್ಲಗಿನ್ 1ನ್ನು ಎಳೆದುಕೊಂಡರೆ ಒಂದೇ ಪ್ರೋಸೆಸಿನಲ್ಲಿ ಒಂದೇ ಹೆಸರಿನ ಫಂಕ್ಷನ್ ಎರಡು. ಸಿಂಬಲ್‌ಗಳಿಗೆ ಆವೃತ್ತಿ ಇಲ್ಲದಿದ್ದರೆ ಮೊದಲು ಲೋಡ್ ಆದದ್ದೇ ಇಬ್ಬರಿಗೂ ಸಿಗುತ್ತದೆ.

ನಿಮ್ಮ ಮಾತಿನಲ್ಲಿ ಸರಿಯಾದ ಒಂದು ಭಾಗ ಉಂಟು: ಪ್ರೋಗ್ರಾಂ ತಾನು ಯಾವ ಕಾಲದ ಡೀಫಾಲ್ಟಿಗೆ ಒಗ್ಗಿದ್ದು ಎಂದು ಹೇಳುವ ಹಾಗಿರಬೇಕು. ಗೋ ಭಾಷೆಯವರು 1.21ರಿಂದ ಹೀಗೆ ಮಾಡಿದ್ದಾರೆ. ಮಾಡ್ಯೂಲ್ ಫೈಲಿನಲ್ಲಿ ಬರೆದ ಗೋ ಆವೃತ್ತಿಗೆ ತಕ್ಕ ಡೀಫಾಲ್ಟ್ ಸಿಗುತ್ತದೆ, ಟೂಲ್‌ಚೈನ್ ಹೊಸದಾದರೂ. 1.22ರಲ್ಲಿ ಸರ್ವರಿನ ಕನಿಷ್ಠ ಟಿಎಲ್‌ಎಸ್ 1.2 ಆದಾಗ, ಹಳೆಯ ಸಾಲು ಇದ್ದವರಿಗೆ ಬಿಲ್ಡ್ ಮಾಡಿದ ತಕ್ಷಣ ಏನೂ ಮುರಿಯಲಿಲ್ಲ. ಹಳೆಯ ನಡವಳಿಕೆ ನಿಜವಾಗಿ ಎಷ್ಟು ಸಲ ಬಳಕೆಯಾಯಿತು ಎಂಬ ಎಣಿಕೆಯೂ ಅದರಲ್ಲಿ ಉಂಟು. ಆ ಎಣಿಕೆ ಮೂರು ತಿಂಗಳು 0 ಇದ್ದರೆ ಧೈರ್ಯವಾಗಿ ಸಾಲು ಬದಲಿಸಬಹುದು. ಬಿಜೈಯವರೆ, ನಿಮ್ಮ ಇನಿಶಿಯಲೈಸ್ ಫಂಕ್ಷನಿಗೆ ಒಂದು ವರ್ಷದ ಸಂಖ್ಯೆ ಕೊಡುವ ಹಾಗೆ ಮಾಡಿದರೆ ಇದೇ ಕೆಲಸ ಆಗುತ್ತದೆ. ಕೊಡದವರಿಗೆ ಹಳೆಯ ಪ್ರೊಫೈಲ್, ಅದಕ್ಕೊಂದು ಕೊನೆಯ ದಿನ. ಪಾಸ್‌ವರ್ಡ್ ಬರೆಯುವುದನ್ನು ಮಾತ್ರ ಇದರಿಂದ ಹೊರಗಿಡಿ. ಅದು ಟೇಬಲಿನ ವಿಷಯ, ಒಂದೊಂದು ಪ್ರೋಗ್ರಾಮಿನ ಇಷ್ಟಕ್ಕೆ ಬಿಡುವಂಥದ್ದಲ್ಲ.

---

ಬಿಜೈ_ಬಿಲ್ಡ್

ಸರಿ. ಹಾಗಾದರೆ ಉಳಿದದ್ದು ಪಿಗ್ಮಿ ಪ್ರೋಗ್ರಾಂ ಒಂದೇ. ಸೋರ್ಸ್ ಇಲ್ಲ, ಟಿಎಲ್‌ಎಸ್ 1.0 ಬಿಟ್ಟು ಬೇರೆ ಗೊತ್ತಿಲ್ಲ, ಸರ್ಟಿಫಿಕೇಟ್ ನೋಡುವುದೂ ಇಲ್ಲ. ಮೆಷಿನ್ ಬದಲಿಸಲು ಇನ್ನೊಂದು ವರ್ಷ ಬೇಕು. ಅದೊಂದಕ್ಕಾಗಿ ಸರ್ವರನ್ನು ಸಡಿಲ ಬಿಡಬೇಕಾ?

---

ಪಣಂಬೂರು_ಪ್ಯಾಕೆಟ್

ಬೇಡ. ಬ್ರಾಂಚಿನ ಅದೇ ಪಿಸಿಯಲ್ಲಿ ಎಸ್‌ಟನೆಲ್ (ನಡುವೆ ನಿಂತು ಟಿಎಲ್‌ಎಸ್ ಮಾಡಿಕೊಡುವ ಪ್ರೋಗ್ರಾಂ) ಹಾಕಿ, ಎರಡು ಸರ್ವಿಸ್. ಮೊದಲನೆಯದು ಲೂಪ್‌ಬ್ಯಾಕ್ ವಿಳಾಸದಲ್ಲಿ (ಅದೇ ಪಿಸಿಯೊಳಗಿನ ವಿಳಾಸ) ಮಾತ್ರ ಕಿವಿಗೊಟ್ಟು ಟಿಎಲ್‌ಎಸ್ 1.0ನ್ನು ಬಿಚ್ಚುತ್ತದೆ. ಎರಡನೆಯದು ಅದನ್ನು 1.2ರಲ್ಲಿ, ಪರಿಶೀಲನೆ ಆನ್ ಇಟ್ಟುಕೊಂಡು, ನಿಜವಾದ ಸರ್ವರಿಗೆ ಕಳಿಸುತ್ತದೆ. ಪಿಗ್ಮಿ ಪ್ರೋಗ್ರಾಮಿನ ಕಾನ್ಫಿಗ್‌ನಲ್ಲಿ ಸರ್ವರ್ ವಿಳಾಸ ಬದಲಿಸಲು ಬಂದರೆ ಲೂಪ್‌ಬ್ಯಾಕ್ ಕೊಡಿ. ಬರದಿದ್ದರೆ, ಅದು ಹೆಸರಿನಿಂದ ಹುಡುಕುವುದಾದರೆ, ಆ ಪಿಸಿಯ ಹೋಸ್ಟ್ಸ್ ಫೈಲಿನಲ್ಲಿ ಆ ಹೆಸರಿಗೆ ಲೂಪ್‌ಬ್ಯಾಕ್ ಬರೆಯಿರಿ. ಆಗ ಎರಡನೆಯ ಸರ್ವಿಸಿಗೆ ಸರ್ವರಿನ ಐಪಿಯನ್ನೇ ಕೊಡಬೇಕು, ಇಲ್ಲದಿದ್ದರೆ ಅದು ತಿರುಗಿ ತನಗೇ ಸಂಪರ್ಕ ಮಾಡಿಕೊಳ್ಳುತ್ತದೆ. ಸರ್ಟಿಫಿಕೇಟಿನಲ್ಲಿ ನೋಡಬೇಕಾದ ಹೆಸರನ್ನು ಬೇರೆ ಸಾಲಿನಲ್ಲಿ ಹೇಳಲಿಕ್ಕೆ ಆಗುತ್ತದೆ.

ಪಿಸಿಯಲ್ಲಿ ಉಬುಂಟು 22.04 ಇದ್ದರೆ ಎಸ್‌ಟನೆಲ್ ಕೂಡ ಓಪನ್‌ಎಸ್‌ಎಸ್‌ಎಲ್ 3.0 ಮೇಲೆಯೇ ನಿಂತಿದೆ. ಮೊದಲನೆಯ ಸರ್ವಿಸಿನ ಕೆಳಗೆ ಕನಿಷ್ಠ ಆವೃತ್ತಿ 1.0 ಮತ್ತು ಸೆಕ್ಯುರಿಟಿ ಲೆವೆಲ್ 0, ಎರಡನ್ನೂ ಬರೆಯಬೇಕು. ಫೈಲಿನ ಮೇಲ್ಭಾಗದಲ್ಲಿ ಬರೆದರೆ ಎರಡನೆಯ ಸರ್ವಿಸಿಗೂ ತಗಲುತ್ತದೆ, ಜಾಗ್ರತೆ. ಸಂಜೆ ಏಜೆಂಟರು ಮೆಷಿನ್ ತಂದಿಡುವ ಹೊತ್ತಿಗೆ ಮೊದಲ ಸಲ ಪರೀಕ್ಷೆ ಮಾಡಬೇಡಿ, ಮಧ್ಯಾಹ್ನ ಒಂದು ಮೆಷಿನ್ ತರಿಸಿಕೊಂಡು ನೋಡಿ.